ಮಾಡಿದ ಕೈ, ಬಿಡುವ ಕೈ

ತನ್ನ ಕೈಯಿಂದ ರೂಪುಗೊಂಡ ವಸ್ತುವನ್ನು ಮತ್ತೊಬ್ಬರಿಗೆ ಒಪ್ಪಿಸುವಾಗ ಮನಸ್ಸು ಒಂದು ಕ್ಷಣ ಹಿಂದೆ ಸರಿಯುವುದು ಮನುಷ್ಯಸಹಜವಾದುದು. ಆದರೆ ಈ ಹಿಂಜರಿಕೆ ಎಲ್ಲ ಕಸುಬುಗಳಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ದಿನಕ್ಕೆ ಹತ್ತಾರು ಮಡಕೆಗಳನ್ನು ತಿಗರಿಯಿಂದ ಇಳಿಸುವ ಕುಂಬಾರನು ಯಾವುದನ್ನೆಂದು ನೆನಪಿನಲ್ಲಿಟ್ಟುಕೊಂಡಾನು? ನೇಕಾರನ ಸೀರೆಯಂತೂ ಎಷ್ಟೋ ವೇಳೆ ಮಗ್ಗದಿಂದ ಇಳಿಯುವ ಮೊದಲೇ ಸಾಹುಕಾರನದಾಗಿರುತ್ತದೆ. ಗೊಂಬೆ ಮಾಡುವವರ ಸಂಗತಿ ಬೇರೆ. ಗೊಂಬೆಗೆ ಮುಖವಿರುತ್ತದೆ, ಅದು ತನ್ನನ್ನು ಮಾಡಿದವರನ್ನೇ ಮೊದಲು ನೋಡುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಟೆಡ್ಡಿ ಕರಡಿ ಎಂದು ಕರೆಯುವ ಬಟ್ಟೆಯ ಗೊಂಬೆಯನ್ನು ಕೈಯಿಂದಲೇ ಹೊಲಿಯುವ ಕೆಲವರನ್ನು ಹತ್ತಿರದಿಂದ ಕಂಡು, ಅವರಿಂದ ಆ ಕಸುಬನ್ನು ಅಷ್ಟಿಷ್ಟು ಕಲಿತ ನನಗೆ, ಅವರು ತಮ್ಮ ಗೊಂಬೆಗಳನ್ನು ಬಿಟ್ಟುಕೊಡುವ ಹಾಗೂ ಬಿಟ್ಟುಕೊಡದೆ ಇಟ್ಟುಕೊಳ್ಳುವ ರೀತಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು. ನೀತಿವಿಚಾರಗಳ ಪತ್ರಿಕೆಯಲ್ಲಿ ಆಟಿಕೆಗೇನು ಸ್ಥಾನವೆಂದು ವಾಚಕರು ಕೇಳಬಹುದು. ಮಮಕಾರವು ಹೊಲಮನೆಗಳಲ್ಲಿಯೂ ಬಂಗಾರದಲ್ಲಿಯೂ ಮಾತ್ರ ವಾಸಿಸುತ್ತದೆಯೆಂದು ನಂಬಿದವರಷ್ಟೇ ಹಾಗೆ ಕೇಳಿಯಾರು.

ನಾನು ಬೆಳಗಾವಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ 28 ವರ್ಷಗಳ ಕಾಲ ಹೊಲಿಗೆಯ ಶಿಕ್ಷಕಿಯಾಗಿದ್ದವಳು. ನಿವೃತ್ತಿಯ ತರುವಾಯ, 2011ರಲ್ಲಿ, ಮಗಳ ಬಾಣಂತನದ ನಿಮಿತ್ತ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದೆ. ಅವಳಿರುವುದು ಆ ದೇಶದ ನಡುಭಾಗದ ಒಂದು ಸಾಧಾರಣ ಊರು. ಪಕ್ಕದ ಮನೆಯಲ್ಲಿ ದಾದಿಯಾಗಿ ಸೇವೆ ಸಲ್ಲಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಒಂಟಿ ಜೀವ. ಅವರ ಅಡಿಗೆಮನೆಯ ಮೇಜಿನ ಮೇಲೆ ಯಾವಾಗಲೂ ಒಂದು ತಲೆಯೋ ಎರಡು ಕಾಲುಗಳೋ ಬಿದ್ದಿರುತ್ತಿದ್ದವು. ಮೊದಲ ದಿನ ಚಹಕ್ಕೆ ಕರೆದಾಗ ನಾನು ಬೆಚ್ಚಿದ್ದು ನಿಜ. ಅವರು ಇಪ್ಪತ್ತು ವರ್ಷಗಳಿಂದ ಕರಡಿಗಳನ್ನು ಹೊಲಿಯುತ್ತಿದ್ದರು. ಸೂಜಿ ಹಿಡಿದವರಿಗೆ ಸೂಜಿ ಹಿಡಿದವರ ಪರಿಚಯವಾಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಮುಂದೆ 2013, 2016 ಮತ್ತು 2018ರಲ್ಲಿ ಹೋದಾಗಲೂ ನನ್ನ ಮಧ್ಯಾಹ್ನಗಳು ಬಹುಮಟ್ಟಿಗೆ ಆ ಮೇಜಿನ ಬಳಿಯೇ ಕಳೆದವು. ಈವರೆಗೆ ನಾನು ಹೊಲಿದಿರುವುದು ಹದಿನಾಲ್ಕು ಕರಡಿಗಳು. ಅವುಗಳಲ್ಲಿ ಒಂದೂ ಈಗ ನನ್ನ ಬಳಿಯಿಲ್ಲ. ಇದನ್ನು ಹೆಗ್ಗಳಿಕೆಯಾಗಿ ಹೇಳುತ್ತಿಲ್ಲ. ವಿಮಾನದಲ್ಲಿ ತರಬಹುದಾದ ಸಾಮಾನಿನ ತೂಕ ಇದಕ್ಕೆ ಅರ್ಧ ಕಾರಣ.

ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಿಳಿಯದೆ ಮಾಡಿದವರ ಮನಸ್ಸನ್ನು ತಿಳಿಯುವುದು ಕಷ್ಟ. ಕರಡಿಯ ಮೈಗೆ ಸುಮಾರು ಇಪ್ಪತ್ತು ತುಂಡು ಬಟ್ಟೆ ಬೇಕು. ತಲೆಗೆ ಮೂರು: ಎರಡು ಪಕ್ಕಗಳು, ಮೂಗಿನಿಂದ ಹಿಡಿದು ಕತ್ತಿನ ಹಿಂಬದಿಯವರೆಗೆ ಹಾಯುವ ನಡುವಿನ ಒಂದು ಪಟ್ಟಿ. ಕಿವಿಗಳಿಗೆ ನಾಲ್ಕು. ಉಳಿದದ್ದು ಕೈ, ಕಾಲು, ಅಂಗೈ, ಅಂಗಾಲು, ಒಡಲು. ರಟ್ಟಿನ ಅಚ್ಚುಗಳನ್ನು ಬಟ್ಟೆಯ ಹಿಂಬದಿಗೆ ಇಟ್ಟು ಗೆರೆ ಎಳೆಯುವಾಗ ರೋಮವು ಯಾವ ದಿಕ್ಕಿಗೆ ಮಲಗುತ್ತದೆಂಬುದನ್ನು ಬಾಣದ ಗುರುತಿನಿಂದ ತೋರಿಸಿಕೊಳ್ಳಬೇಕು. ಇಲ್ಲವಾದರೆ ಒಂದು ಕೆನ್ನೆಯ ಕೂದಲು ಕೆಳಕ್ಕೂ ಇನ್ನೊಂದರದು ಮೇಲಕ್ಕೂ ನಿಂತು ಮುಖವೇ ವಿಕಾರವಾಗುತ್ತದೆ. ಕತ್ತರಿಯ ತುದಿಯಿಂದ ಹಿಂಬದಿಯ ನೇಯ್ಗೆಯನ್ನು ಮಾತ್ರ ಕತ್ತರಿಸಬೇಕು, ರೋಮ ತುಂಡಾಗಬಾರದು. ನಾವು ಶಾಲೆಯಲ್ಲಿ ಬ್ಯಾಕ್ ಸ್ಟಿಚ್ ಎಂದು ಕಲಿಸುತ್ತಿದ್ದ ಹೊಲಿಗೆಯನ್ನು ಬಲು ಸಣ್ಣದಾಗಿ ಹಾಕಿ, ಒಳಹೊರಗು ಮಾಡಿ, ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಹೊರಗೆಳೆಯಬೇಕು. ಕತ್ತು, ಎರಡು ಕೈ, ಎರಡು ಕಾಲು ಹೀಗೆ ಐದು ಕೀಲುಗಳು. ಪ್ರತಿಯೊಂದು ಕೀಲಿಗೂ ಗಟ್ಟಿ ರಟ್ಟಿನ ಎರಡು ಬಿಲ್ಲೆಗಳು, ಅವುಗಳ ನಡುವೆ ಹಾಯುವ ಎರಡು ಕಾಲಿನ ಒಂದು ಲೋಹದ ಪಿನ್ನು. ಆ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಸುರುಳಿ ಸುತ್ತಿ ಬಿಗಿಗೊಳಿಸುವ ಕೆಲಸಕ್ಕೆ ಬೆರಳಿನಲ್ಲಿ ಬಲ ಬೇಕು. ಕೀಲು ಸಡಿಲವಾದರೆ ಕರಡಿ ವರ್ಷದೊಳಗೆ ತಲೆ ತೂಗಲಾರಂಭಿಸುತ್ತದೆ. ತಲೆಯನ್ನು ಎಲ್ಲಕ್ಕಿಂತ ಗಟ್ಟಿಯಾಗಿ ತುಂಬಬೇಕು. ಹಿಂದಿನ ಕಾಲದಲ್ಲಿ ಮರವನ್ನು ನೂಲಿನಂತೆ ತೆಳ್ಳಗೆ ಹೆರೆದು ತುಂಬುತ್ತಿದ್ದರು. ಇಂದಿಗೂ ಕೆಲವರು ಮೂತಿಗೆ ಅದನ್ನೇ ಬಳಸುತ್ತಾರೆ, ಏಕೆಂದರೆ ಮೂಗನ್ನು ದಾರದಿಂದ ತುಂಬಿ ಹೊಲಿಯುವಾಗ ಸೂಜಿಗೆ ಆಧಾರ ಸಿಗುತ್ತದೆ.

ಇಷ್ಟಾದರೂ ಅದು ಇನ್ನೂ ಬಟ್ಟೆಯೇ. ಕಿವಿಗಳನ್ನು ಗುಂಡುಸೂಜಿಯಿಂದ ಚುಚ್ಚಿ, ಅರ್ಧ ಬೆರಳಿನಷ್ಟು ಮೇಲೆ, ಅರ್ಧ ಬೆರಳಿನಷ್ಟು ಕೆಳಗೆ ಸರಿಸಿ ನೋಡುತ್ತಾರೆ. ಕಡೆಗೆ ಕಣ್ಣುಗಳು. ಹಿಂಬದಿಯಲ್ಲಿ ತಂತಿಯ ಕುಣಿಕೆಯುಳ್ಳ ಕಪ್ಪು ಗಾಜಿನ ಮಣಿಗಳಿಗೆ ಗಟ್ಟಿ ದಾರ ಪೋಣಿಸಿ, ಗೇಣುದ್ದದ ಸೂಜಿಯಿಂದ ತಲೆಯೊಳಗೆ ಹಾಯಿಸಿ ಕತ್ತಿನ ಹಿಂದೆ ಹೊರತೆಗೆದು, ಒಂದು ಕೈಯಿಂದ ಕಣ್ಣನ್ನು ಒತ್ತುತ್ತಾ ಇನ್ನೊಂದು ಕೈಯಿಂದ ದಾರವನ್ನು ಎಳೆಯಬೇಕು. ಆಗ ಕಣ್ಣಿನ ಸುತ್ತ ಚಿಕ್ಕ ಕುಳಿ ಬೀಳುತ್ತದೆ. ಆ ಕುಳಿ ಬೀಳುವುದೇ ತಡ, ಮುಖದಲ್ಲೊಂದು ಭಾವ ಮೂಡಿಬಿಡುತ್ತದೆ. ಯಾವ ಭಾವವೆಂಬುದು ಮಾಡುವವರ ಕೈಯಲ್ಲಿರುವುದಿಲ್ಲ. ನಗುಮುಖ ಬೇಕೆಂದುಕೊಂಡಲ್ಲಿ ಕೋಪಿಷ್ಠನೊಬ್ಬ ಎದ್ದು ಕೂತದ್ದುಂಟು. ಮೂರ್ತಿಗೆ ಕಣ್ಣು ತೆರೆಸುವ ವಿಧಿಯನ್ನು ಬಲ್ಲ ನಮ್ಮವರಿಗೆ ಈ ಕ್ಷಣದ ಗಾಂಭೀರ್ಯ ಅರ್ಥವಾದೀತು. ಆಟಿಕೆಯನ್ನು ಅದರೊಡನೆ ಹೋಲಿಸುವುದು ಸಲ್ಲದು, ಬಲ್ಲೆ. ಆದರೆ ಕಣ್ಣು ತೆರೆಸಿದ ಮೇಲೆ ಶಿಲ್ಪಿಯ ಹಕ್ಕು ಅಲ್ಲಿಗೆ ಮುಗಿಯುತ್ತದೆ. ಕರಡಿ ಹೊಲಿಯುವವರಿಗಾದರೋ ತೊಡಕು ಅಲ್ಲಿಂದಲೇ ಶುರುವಾಗುತ್ತದೆ.

ಇಲ್ಲಿ ಬಟ್ಟೆಯ ವಿಷಯ ಒಂದಿಷ್ಟು ಹೇಳಬೇಕು. ಉತ್ತಮ ಕರಡಿಗಳಿಗೆ ಬಳಸುವುದು ಮೊಹೇರ್. ಅಂಗೋರಾ ಮೇಕೆಯ ಕೂದಲಿನಿಂದ ನೇಯ್ದದ್ದು. ಕೂದಲು ಕತ್ತರಿಸಿ ಮೇಕೆಯನ್ನು ಬಿಟ್ಟುಬಿಡುತ್ತಾರೆ, ಹಿಂಸೆಯೇನೂ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದರು. 2018ರಲ್ಲಿ, ಅತಿ ಹೆಚ್ಚು ಮೊಹೇರ್ ಉತ್ಪಾದಿಸುವ ದಕ್ಷಿಣ ಆಫ್ರಿಕದ ಸಾಕಣೆಯ ಕೇಂದ್ರಗಳಲ್ಲಿ ಕತ್ತರಿಸುವ ಅವಸರಕ್ಕೆ ಮೇಕೆಗಳ ಚರ್ಮ ಸೀಳಿ ರಕ್ತ ಸುರಿಯುವ ದೃಶ್ಯಗಳು ಬೆಳಕಿಗೆ ಬಂದು, ಹಲವು ದೊಡ್ಡ ಉಡುಪಿನ ಕಂಪನಿಗಳು ಮೊಹೇರನ್ನು ಕೈಬಿಡುವುದಾಗಿ ಪ್ರಕಟಿಸಿದವು. ನಾನು ಮೊದಲಿನಿಂದಲೂ ಹತ್ತಿಯ ಬಟ್ಟೆಯನ್ನೇ ಬಳಸಿದವಳು. ಹೊಳಪು ಕಡಮೆ, ಅಷ್ಟೇ.

ನಮ್ಮ ಪೀಳಿಗೆಯವರಿಗೆ ಕರಡಿ ಎಂದರೆ ಮೂಗಿಗೆ ಹಗ್ಗ ಪೋಣಿಸಿಕೊಂಡು ಬೀದಿಯಲ್ಲಿ ಕುಣಿಯುತ್ತಿದ್ದ ದೀನ ಪ್ರಾಣಿ. ಬನ್ನೇರುಘಟ್ಟದ ಆಶ್ರಯಧಾಮದಂಥ ಕಡೆಗಳಲ್ಲಿ ಆ ಮೂಕಜೀವಿಗಳಿಗೆ ನೆಲೆ ದೊರೆತು, 2009ರ ಹೊತ್ತಿಗೆ ಆ ಪದ್ಧತಿ ಬಹುಮಟ್ಟಿಗೆ ಕೊನೆಗೊಂಡಿತು. ಪಾಶ್ಚಾತ್ಯರ ಈ ಮುದ್ದು ಗೊಂಬೆಯ ಹುಟ್ಟು ಕೂಡಾ ಹಿಂಸೆಯ ನೆರಳಿನಲ್ಲಿಯೇ ಆದುದೆಂಬುದು ಅನೇಕರಿಗೆ ತಿಳಿಯದು. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪ್ಪಿ ಪ್ರಾಂತದಲ್ಲಿ ಬೇಟೆಗೆ ಹೋಗಿದ್ದರು. ಅವರಿಗೆ ಬೇಟೆ ಸಿಗದಿದ್ದಾಗ ಮಾರ್ಗದರ್ಶಕನು ಒಂದು ಕರಡಿಯನ್ನು ಹಿಡಿದು ಮರಕ್ಕೆ ಕಟ್ಟಿದನು. ಕಟ್ಟಿಹಾಕಿದ ಪ್ರಾಣಿಯ ಮೇಲೆ ಗುಂಡು ಹಾರಿಸಲು ಅಧ್ಯಕ್ಷರು ಒಪ್ಪಲಿಲ್ಲ. ವ್ಯಂಗ್ಯಚಿತ್ರಕಾರ ಕ್ಲಿಫರ್ಡ್ ಬೆರಿಮನ್ ಈ ಪ್ರಸಂಗವನ್ನು ಚಿತ್ರಿಸಿದರು. ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಜನ ಕರುಣೆಯನ್ನು ಕೊಂಡಾಡಿದರು. ಗಾಯಗೊಂಡಿದ್ದ ಆ ಕರಡಿಯ ಸಂಕಟ ಮುಗಿಸಿಬಿಡಿ ಎಂದು ಅದೇ ಅಧ್ಯಕ್ಷರು ಹೇಳಿದರೆಂಬುದೂ, ಅದನ್ನು ಚೂರಿಯಿಂದ ಕೊಂದರೆಂಬುದೂ ಚಿತ್ರದಲ್ಲಿರಲಿಲ್ಲ. ಬ್ರೂಕ್ಲಿನ್ನಿನಲ್ಲಿ ಮಿಠಾಯಿ ಅಂಗಡಿ ಇಟ್ಟುಕೊಂಡಿದ್ದ ಮಾರಿಸ್ ಮಿಕ್ಟಮ್ ಎಂಬ ವಲಸಿಗನೂ ಅವನ ಹೆಂಡತಿ ರೋಸ್‌ಳೂ ಈ ಚಿತ್ರವನ್ನು ಕಂಡು ಬಟ್ಟೆಯ ಕರಡಿಯನ್ನು ಹೊಲಿದು ಅಂಗಡಿಯ ಕಿಟಕಿಯಲ್ಲಿಟ್ಟರು. ಥಿಯೋಡರರ ಮುದ್ದುಹೆಸರು ಟೆಡ್ಡಿ. ಗೊಂಬೆಗೂ ಅದೇ ಹೆಸರಾಯಿತು.

ಅದೇ ಕಾಲಕ್ಕೆ ಜರ್ಮನಿಯ ಗೀಂಗನ್ ಎಂಬ ಚಿಕ್ಕ ಊರಿನಲ್ಲಿ ಮಾರ್ಗರೆಟೆ ಸ್ಟೈಫ್ ಅವರ ಕಾರ್ಖಾನೆಯಲ್ಲಿಯೂ ಕರಡಿ ಹುಟ್ಟಿತು. 1847ರಲ್ಲಿ ಜನಿಸಿದ ಈ ಮಹಿಳೆಗೆ ಶೈಶವದಲ್ಲಿಯೇ ಪೋಲಿಯೊ ತಗಲಿ ಕಾಲುಗಳು ನಡೆಯದಾದವು, ಬಲಗೈಯೂ ಸರಿಯಾಗಿ ಏಳುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ಹೊಲಿಗೆ ಕಲಿತರು. ಅವರು ಮೊದಲು ಮಾಡಿದ ಪ್ರಾಣಿ ಕರಡಿಯಲ್ಲ, ಆನೆ. ಗುಂಡುಸೂಜಿ ಚುಚ್ಚಿಡಲೆಂದು ಉಣ್ಣೆಬಟ್ಟೆಯಲ್ಲಿ ಹೊಲಿದ ಪುಟ್ಟ ಆನೆ. ಪರಿಚಯದವರಿಗೆಲ್ಲ ಅದನ್ನು ಉಡುಗೊರೆಯಾಗಿ ಹಂಚುತ್ತಿದ್ದರು. ಸೂಜಿಗೆಂದು ಕೊಟ್ಟದ್ದನ್ನು ಮನೆಯ ಮಕ್ಕಳು ಎತ್ತಿಕೊಂಡು ಹೋಗಿ ಆಟಿಕೆ ಮಾಡಿಕೊಂಡರು. ಆ ಉದ್ಯಮದ ಮೂಲ ಇಲ್ಲಿದೆ: ಮಾಡಿದವರು ಉದ್ದೇಶಿಸಿದ್ದು ಒಂದು, ಪಡೆದವರು ಮಾಡಿಕೊಂಡದ್ದು ಇನ್ನೊಂದು. ಅವರ ಸೋದರಳಿಯ ರಿಚರ್ಡ್ ಸ್ಟೈಫ್ ರೂಪಿಸಿದ, ಕೈಕಾಲಾಡಿಸುವ ಕರಡಿಯನ್ನು 1903ರ ಲೈಪ್‌ಜಿಗ್ ಮೇಳದಲ್ಲಿ ಇಟ್ಟಾಗ ಅಮೆರಿಕದ ವ್ಯಾಪಾರಿಯೊಬ್ಬನು ಮೂರು ಸಾವಿರಕ್ಕೆ ಬೇಡಿಕೆ ಕೊಟ್ಟನು. 1907ರ ಒಂದೇ ವರ್ಷದಲ್ಲಿ ಆ ಕಾರ್ಖಾನೆಯಿಂದ ಹೊರಬಿದ್ದ ಕರಡಿಗಳು 9 ಲಕ್ಷ 74 ಸಾವಿರ. ಆದರೆ ಮೊಟ್ಟಮೊದಲ ಮಾದರಿಯ ಆ ಮೂರು ಸಾವಿರದಲ್ಲಿ ಒಂದಾದರೂ ಎಲ್ಲಿಯೂ ಉಳಿದಿರುವುದು ಪತ್ತೆಯಾಗಿಲ್ಲ. ಮಾಡಿದವರೇ ಒಂದನ್ನೂ ತಮಗೆಂದು ತೆಗೆದಿಟ್ಟುಕೊಂಡಂತಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಆ ಹೆಂಗಸಿನ ಬಗ್ಗೆ ಗೌರವ ಹೆಚ್ಚುತ್ತದೆ. ವ್ಯಾಪಾರದ ಭರವೇ ಅದಕ್ಕೆ ಕಾರಣವಾಗಿದ್ದರೂ ಚಿಂತೆಯಿಲ್ಲ.

ಮಿಕ್ಟಮ್ ದಂಪತಿಗಳ ಮೊದಮೊದಲ ಕರಡಿಗಳಲ್ಲೊಂದು ಮಾತ್ರ ಉಳಿದಿದೆ. 1963ರಲ್ಲಿ ಅವರ ಮಗ ಅದನ್ನು ರೂಸ್‌ವೆಲ್ಟರ ಮೊಮ್ಮಗನ ಮನೆಗೆ ಕೊಟ್ಟರು. ಅಲ್ಲಿಂದ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಸೇರಬೇಕಾಗಿತ್ತು. ಮನೆಯ ಮಕ್ಕಳು ಅದನ್ನು ಬಿಡಲೊಪ್ಪದೆ ಕೆಲವು ಕಾಲ ತಡವಾಯಿತಂತೆ; 1964ರಲ್ಲಿ ಸೇರಿತು. ಹೊಲಿದವರ ಮಗ ಸುಲಭವಾಗಿ ಕೊಟ್ಟ, ಆಡಿದ ಮಕ್ಕಳು ಕೊಡಲಾರದೆ ಹೋದರು.

2013ರಲ್ಲಿ ನೆರೆಮನೆಯ ಹಿರಿಯರು ನನ್ನನ್ನು ಕರಡಿ ಮಾಡುವವರ ಒಂದು ಮೇಳಕ್ಕೆ ಕರೆದುಕೊಂಡು ಹೋದರು. ಪುರಭವನದ ತುಂಬ ಮೇಜುಗಳು, ಒಂದೊಂದರ ಹಿಂದೆ ಒಬ್ಬೊಬ್ಬರು. ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು. ಅಂಗೈಯಷ್ಟು ಗಾತ್ರದ ಕರಡಿಗೂ ನೂರು ಪೌಂಡು, ನೂರೈವತ್ತು ಪೌಂಡು. ಬೆಲೆಗಿಂತ ನನ್ನ ಗಮನ ಸೆಳೆದದ್ದು ಅವರ ಭಾಷೆ. ಯಾರೂ ಮಾರಿದೆನೆನ್ನುವುದಿಲ್ಲ, ಕೊಂಡೆನೆನ್ನುವುದಿಲ್ಲ. ಕರಡಿಯನ್ನು ದತ್ತು ಕೊಡುತ್ತಾರೆ, ದತ್ತು ಪಡೆಯುತ್ತಾರೆ. ಅದಕ್ಕೊಂದು ಹೆಸರು, ಹುಟ್ಟಿದ ದಿನ, ಹೊಲಿದವರ ಸಹಿಯುಳ್ಳ ಪ್ರಮಾಣಪತ್ರ. ಆಗಾಗ ಫೋಟೋ ಕಳಿಸಿರಿ ಎಂಬ ವಿನಂತಿ. ಬಿಸಿಲಿಗಿಡಬೇಡಿ, ನಾಯಿಗೆ ಸಿಗದಂತೆ ನೋಡಿಕೊಳ್ಳಿ ಎಂಬ ಸೂಚನೆಗಳು. ಒಬ್ಬಾಕೆ ಗಿರಾಕಿಯನ್ನು ಅರ್ಧ ಗಂಟೆ ಮಾತಾಡಿಸಿ, ಕಡೆಗೆ ಈ ಕರಡಿ ಮಾರಾಟಕ್ಕಿಲ್ಲವೆಂದು ಹೇಳಿ ಮೇಜಿನ ಕೆಳಗಿನ ಪೆಟ್ಟಿಗೆಗೆ ಹಾಕಿಕೊಂಡುದನ್ನು ನಾನೇ ನೋಡಿದೆ. ಬೆಲೆ ಚೀಟಿ ಅದರ ಕೊರಳಿನಲ್ಲಿಯೇ ಇತ್ತು.

ಇಟ್ಟುಕೊಳ್ಳುವ ವಿಚಾರದಲ್ಲಿ ಒಬ್ಬೊಬ್ಬರದು ಒಂದೊಂದು ನೇಮ. ಮೊದಲನೆಯದನ್ನು ಮಾತ್ರ ಇಟ್ಟುಕೊಳ್ಳುವವರು ಕೆಲವರು. ವರ್ಷಕ್ಕೊಂದು ಎನ್ನುವವರು ಕೆಲವರು. ಪ್ರತಿ ಮಾದರಿಯಲ್ಲಿಯೂ ಎರಡು ಹೊಲಿದು ಒಂದನ್ನು ಕೊಟ್ಟು ಒಂದನ್ನು ಉಳಿಸಿಕೊಳ್ಳುವವರನ್ನೂ ಕಂಡೆ. ಅವರ ಪಾಲಿಗೆ ಅದು ಕರಡಿಯಲ್ಲ, ಅಚ್ಚು. ಅದರಲ್ಲಿ ದೋಷವೇನೂ ನನಗೆ ಕಾಣಲಿಲ್ಲ. ಒಬ್ಬರು ಹೊಲಿಗೆ ಕೆಟ್ಟವುಗಳನ್ನೆಲ್ಲ ತಮಗೆಂದು ಇಟ್ಟುಕೊಂಡು ಚೆನ್ನಾದವನ್ನೆಲ್ಲ ಕೊಟ್ಟುಬಿಡುತ್ತಿದ್ದರು. ನಮ್ಮ ಅಡಿಗೆಮನೆಗಳಲ್ಲಿ ಹರಿದ ರೊಟ್ಟಿ ಯಾವಾಗಲೂ ತಾಯಿಯ ತಟ್ಟೆಗೇ ಬೀಳುವಂತೆ ಎಂದು ನಾನು ಹೇಳಿದಾಗ ಆಕೆಗೆ ತುಂಬಾ ಸಂತೋಷವಾಯಿತು. ಒಂದನ್ನೂ ಇಟ್ಟುಕೊಳ್ಳದವರು ಅಪರೂಪ.

ಪರಿಗ್ರಹವು ವಸ್ತುವಿನಲ್ಲಿಲ್ಲ, ವಸ್ತುವಿನ ಬಗೆಗಿನ ಮೂರ್ಛೆಯಲ್ಲಿದೆ ಎಂಬ ವಿಚಾರವನ್ನು ಈ ಪತ್ರಿಕೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಆ ದೃಷ್ಟಿಯಿಂದ ನೋಡಿದರೆ, ಕಪಾಟಿನಲ್ಲಿ ಒಂದು ಕರಡಿಯನ್ನು ಇಟ್ಟುಕೊಂಡವರಿಗಿಂತ, ನೂರೈವತ್ತು ಪೌಂಡಿಗೆ ಕೊಟ್ಟೂ ಅದರ ಫೋಟೋಗಾಗಿ ಕಾಯುವವರೇ ಹೆಚ್ಚು ಕಟ್ಟುಬಿದ್ದವರೆಂದು ನನಗನ್ನಿಸುತ್ತದೆ. ವಸ್ತು ಹೋಯಿತು, ಹಣ ಬಂತು, ದಾರದ ತುದಿ ಮಾತ್ರ ಇನ್ನೂ ಕೈಯಲ್ಲಿಯೇ ಇದೆ. ದತ್ತು ಎಂಬ ಮಾತಿನ ಉಪಯೋಗವೇ ಅದು. ಮಾರಿದ ವಸ್ತುವಿನ ಮುಂದಿನ ಗತಿಯನ್ನು ಕೇಳುವ ಅಧಿಕಾರ ಮಾರಿದವರಿಗಿರುವುದಿಲ್ಲ. ದತ್ತು ಕೊಟ್ಟವರಿಗೆ ಇರುತ್ತದೆಂದು ಭಾವಿಸಿಕೊಳ್ಳಬಹುದು.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಚಿಂತೆಗೆ ಹಚ್ಚಿತು. ಆ ಮೇಳದ ಬಹುಪಾಲು ಕರಡಿಗಳ ಚೀಟಿಯಲ್ಲಿ, ಇದು ಮಕ್ಕಳಿಗಲ್ಲ, ದೊಡ್ಡವರ ಸಂಗ್ರಹಕ್ಕೆ ಮಾತ್ರ ಎಂದು ಬರೆದಿತ್ತು. ಮಕ್ಕಳ ಆಟಿಕೆಗಳ ಸುರಕ್ಷತೆಗೆ ಯುರೋಪಿನಲ್ಲಿ ಕಟ್ಟುನಿಟ್ಟಾದ ನಿಯಮಗಳಿವೆ. ಎಳೆಯ ಮಕ್ಕಳ ಗೊಂಬೆಯಿಂದ ಕಿತ್ತುಬರುವ, ನುಂಗಿಬಿಡಬಹುದಾದ ಚಿಕ್ಕ ಭಾಗಗಳಿರಕೂಡದು. ದಾರದಿಂದ ಕಟ್ಟಿದ ಗಾಜಿನ ಕಣ್ಣು ಆ ಪರೀಕ್ಷೆಯಲ್ಲಿ ನಿಲ್ಲದು. ನಿಯಮ ಸರಿಯಾದುದೇ. ಹಾಗಾದರೆ ಮಕ್ಕಳಿಗೆಂದು ಬೇರೆ ರೀತಿಯ ಕಣ್ಣಿಟ್ಟು ಮಾಡಬಹುದಲ್ಲ ಎಂದು ಕೇಳಿದೆ. ಮಾಡಬಹುದು, ಆದರೆ ಮಗು ಅದನ್ನು ಹಾಳುಮಾಡುತ್ತದೆ ಎಂದರು ಒಬ್ಬರು. ಮಗುವಿಗಾಗಿಯೇ ಹುಟ್ಟಿದ ವಸ್ತು ಮಗು ಮುಟ್ಟಬಾರದಂಥದಾದುದು ಹೀಗೆ. 1994ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ, 1904ರ ಸುಮಾರಿಗೆ ಸ್ಟೈಫ್ ಕಾರ್ಖಾನೆಯಲ್ಲಿ ತಯಾರಾದ ಒಂದು ಕರಡಿ 1 ಲಕ್ಷ 10 ಸಾವಿರ ಪೌಂಡಿಗೆ ಹೋಯಿತು. ಕೊಂಡವರು ಜಪಾನಿನವರು, ತಮ್ಮ ವಸ್ತುಸಂಗ್ರಹಾಲಯಕ್ಕಾಗಿ. ಅದರ ಮೊದಲ ಒಡೆಯ ಅದನ್ನು ಚಿಕ್ಕಂದಿನಿಂದ ಜೀವಮಾನವಿಡೀ ಜೊತೆಯಲ್ಲಿಟ್ಟುಕೊಂಡಿದ್ದ ಸೈನ್ಯಾಧಿಕಾರಿ. ಅವರು ಅದರೊಂದಿಗೆ ಬಾಳಿದರು. ಅವರ ನಂತರ ಅದು ಗಾಜಿನ ಹಿಂದೆ ಕೂತಿತು.

2018ರಲ್ಲಿ ನಾನು ಹೋದಾಗ ನೆರೆಮನೆಯ ಹಿರಿಯರಿಗೆ ಎಂಬತ್ತೊಂದು. ಮೊಣಕಾಲು ಸೋತಿತ್ತು. ಮನೆ ಮಾರಿ ವೃದ್ಧರ ವಸತಿಗೃಹವೊಂದರ ಒಂದೇ ಕೋಣೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮಹಡಿಯ ಕಪಾಟಿನಲ್ಲಿ ಅವರು ಯಾರಿಗೂ ಕೊಡದೆ ಉಳಿಸಿಕೊಂಡಿದ್ದ 41 ಕರಡಿಗಳಿದ್ದವು. ಅತ್ಯುತ್ತಮವಾದವುಗಳೇ. ಸಂಗ್ರಾಹಕರಿಗೆ ಹೇಳಿದ್ದರೆ ವಾರದೊಳಗೆ ಬಂದು ಒಳ್ಳೆಯ ಬೆಲೆಗೆ ಕೊಂಡೊಯ್ಯುತ್ತಿದ್ದರು. ಅವರಿಗೆ ಹಣದ ಅಗತ್ಯವೂ ಇತ್ತು. ಆದರೆ ಅವರು ಕೆಳಗೆ ಮೇಜಿನ ಬಳಿ ಕೂತು, ಕತ್ತರಿ ತೆಗೆದುಕೊಂಡು, ಮೊದಲನೆಯ ಕರಡಿಯ ಗಾಜಿನ ಕಣ್ಣುಗಳನ್ನು ಕತ್ತರಿಸಿ ತೆಗೆದರು.

ನಾನು ಏನೂ ಮಾತಾಡಲಿಲ್ಲ. ಕಣ್ಣಿದ್ದ ಕುಳಿಗಳ ಮೇಲೆ ಅವರು ಕಪ್ಪು ದಾರದಿಂದ ಒತ್ತೊತ್ತಾಗಿ ಹೊಲಿದು ಹೊಸ ಕಣ್ಣುಗಳನ್ನು ಮೂಡಿಸಿದರು. ಕೀಲುಗಳನ್ನು ಎಳೆದೆಳೆದು ನೋಡಿದರು, ಕಿವಿಗಳಿಗೆ ಎರಡನೆಯ ಸುತ್ತು ಹೊಲಿಗೆ ಹಾಕಿದರು. ಅವರ ಬೆರಳು ಬೇಗ ದಣಿಯುತ್ತಿದ್ದುದರಿಂದ ಕತ್ತರಿಸುವ ಕೆಲಸ ನನ್ನದಾಯಿತು, ಹೊಲಿಯುವುದು ಅವರದು. ದಿನಕ್ಕೆ ಮೂರು ನಾಲ್ಕರಂತೆ ಎರಡು ವಾರ ಹಿಡಿಯಿತು. ದಾರದ ಕಣ್ಣಿಗೆ ಹೊಳಪಿಲ್ಲ, ಮುಖಗಳೆಲ್ಲ ಬದಲಾದವು. ಬಿಗುಮಾನದ ಒಬ್ಬನು ನಿದ್ದೆಗಣ್ಣಿನವನಾದನು, ಇನ್ನೊಬ್ಬನು ಪೆದ್ದನಂತೆ ಕಂಡನು. ಒಂದನ್ನು ಮುಗಿಸಿ ದೂರ ಹಿಡಿದು ನೋಡಿ, ಇವನು ನನಗೆ ಗುರುತೇ ಸಿಗುತ್ತಿಲ್ಲ, ಒಳ್ಳೆಯದಾಯಿತು ಎಂದರು. ಒಂದೊಂದು ಜೋಡಿ ಕಣ್ಣು ತೆಗೆದಂತೆ ನೂರು ನೂರೈವತ್ತು ಪೌಂಡು ಕಳೆಯುತ್ತಿದೆಯೆಂದು ನನ್ನ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ಅವರದು ಹಾಕಿತ್ತೋ ಇಲ್ಲವೋ. 38 ಕರಡಿಗಳು ಬೀದಿಯ ಮನೆಗಳಿಗೂ, ಅವರ ಹಿಂದಿನ ಸಹೋದ್ಯೋಗಿಗಳ ಮೊಮ್ಮಕ್ಕಳಿಗೂ ಹೋದವು. ಪ್ರಮಾಣಪತ್ರವಿಲ್ಲ, ಹೆಸರೂ ಇಲ್ಲ. ಹೆಸರಿಡುವುದು ಮಕ್ಕಳಿಗೆ ಬಿಟ್ಟದ್ದು. ಮೂರನ್ನು ಗಾಜಿನ ಕಣ್ಣುಗಳ ಸಮೇತ ತಮ್ಮೊಡನೆ ಕೋಣೆಗೆ ಒಯ್ದರು. ಏಕೆಂದು ನಾನು ಕೇಳಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಮೂರಕ್ಕೆ ಜಾಗವಿತ್ತು.

ಈ ಹಿರಿಯರು ಇನ್ನೊಂದು ಬಗೆಯ ಕರಡಿಗಳನ್ನೂ ಹೊಲಿಯುತ್ತಿದ್ದರು. ತೀರಿಹೋದವರ ಉಡುಪನ್ನು ಮನೆಯವರು ತಂದುಕೊಟ್ಟರೆ ಅದನ್ನೇ ಕತ್ತರಿಸಿ ಕರಡಿ ಮಾಡಿಕೊಡುವುದು. ಆ ದೇಶದಲ್ಲಿ ಅನೇಕರು ಮಾಡಿಸುತ್ತಾರೆ. ಅದಕ್ಕೆ ಅವರು ಎಂದೂ ಹಣ ಪಡೆದವರಲ್ಲ. ಅದರಲ್ಲಿ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ, ಬಟ್ಟೆ ಮೊದಲೇ ಇನ್ನೊಬ್ಬರದು ಎನ್ನುತ್ತಿದ್ದರು. ನಮ್ಮ ಕಡೆಯ ಕೌದಿಯೂ ಹಾಗೆಯೇ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಮಕ್ಕಳ ಅಂಗಿ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಹೊಲಿದವಳು ಕೂಲಿ ಪಡೆದು ಮುಂದಿನ ಮನೆಗೆ ಹೋಗುತ್ತಾಳೆ. ಹೊದ್ದವರು ಹೊದೆಯುತ್ತ ಹೊದೆಯುತ್ತ ಅದನ್ನು ಚಿಂದಿ ಮಾಡುತ್ತಾರೆ.

ನನ್ನ ಯಜಮಾನರು 2015ರಲ್ಲಿ ತೀರಿಕೊಂಡರು. ಅವರ ಬಟ್ಟೆಬರೆಗಳನ್ನೆಲ್ಲ ರೂಢಿಯಂತೆ ಕೊಟ್ಟಾಗಿತ್ತು. ಆದರೆ 2013ರಲ್ಲಿ ನನ್ನೊಡನೆ ಬಂದಾಗ ಬಿಟ್ಟುಹೋದ ಕಂದು ಬಣ್ಣದ ಕಾರ್ಡುರಾಯ್ ಕೋಟೊಂದು ಮಗಳ ಮನೆಯ ಬಾಗಿಲ ಹಿಂದೆ ತೂಗುತ್ತಿತ್ತು. ಬೆಳಗಾವಿಯ ಖಡೇಬಜಾರಿನಲ್ಲಿ ಹೊಲಿಸಿದ್ದು. ಯಾರೂ ಅದನ್ನು ತೊಡುತ್ತಿರಲಿಲ್ಲ, ತೆಗೆಯುತ್ತಲೂ ಇರಲಿಲ್ಲ. ವಾರಕ್ಕೊಮ್ಮೆ ಮಗಳು ಧೂಳು ಜಾಡಿಸುತ್ತಿದ್ದಳು. ನೆರೆಮನೆಯ ಕೆಲಸ ಮುಗಿದ ಸಂಜೆ ಅವಳು ಅದನ್ನು ತಂದು ನನ್ನ ಮುಂದೆ ಇಟ್ಟಳು.

“ಅವ್ವಾ, ಸಣ್ಣವಗ ಇದರಾಗ ಒಂದು ಮಾಡಿಕೊಡ್ತೀ ಏನು?” ಎಂದಳು.

ಸಣ್ಣವನೆಂದರೆ ಅವಳ ಎರಡನೆಯ ಮಗ. ಆಗ ಒಂದೂವರೆ ವರ್ಷದವನು, ಅಜ್ಜನನ್ನು ಕಂಡವನಲ್ಲ. ನಾನು ಎರಡು ದಿನ ಉತ್ತರ ಕೊಡಲಿಲ್ಲ. ಹೋದವರ ವಸ್ತುವಿಗೆ ಕೈಕಾಲು ಕೂಡಿಸಿ, ಮುಖ ಕೊಟ್ಟು, ಮನೆಯಲ್ಲಿ ಕೂರಿಸುವುದು ಮೋಹವನ್ನು ಬಿಡಿಸುವ ಕೆಲಸವೋ ಬೆಳೆಸುವ ಕೆಲಸವೋ? ನಮ್ಮ ಹಿರಿಯರು ತೀರಿಕೊಂಡವರ ಬಟ್ಟೆಯನ್ನು ಬೇಗ ದಾಟಿಸಿಬಿಡುತ್ತಿದ್ದುದರಲ್ಲಿ ಅರ್ಥವಿಲ್ಲದೆ ಇಲ್ಲ. ಇನ್ನೊಂದು ಕಡೆ ಬಾಗಿಲ ಹಿಂದಿನ ಕೋಟು. ಒಳ್ಳೆಯ ಕಾರ್ಡುರಾಯ್, ಮುಟ್ಟುವವರಿಲ್ಲದಿದ್ದರೆ ಇಪ್ಪತ್ತು ವರ್ಷಕ್ಕೂ ಕೆಡದು. ಮಗುವಿನ ಕೈಗೆ ಹೋದ ಗೊಂಬೆ ಐದು ವರ್ಷ ಬಾಳಿದರೆ ಹೆಚ್ಚು. ಈ ಲೆಕ್ಕ ಹೊಳೆದ ಮೇಲೆ ನಾನು ಕತ್ತರಿ ಕೈಗೆತ್ತಿಕೊಂಡೆ.

ವಸತಿಗೃಹಕ್ಕೆ ಹೋಗಿ ಹಿರಿಯರ ಸಲಹೆ ಕೇಳಿದೆ. ಮೊದಲು ಬೆನ್ನಿನ ಭಾಗವನ್ನು ಕತ್ತರಿಸು, ಅಲ್ಲಿ ಬಟ್ಟೆ ಅಗಲವಾಗಿರುತ್ತದೆ, ಧೈರ್ಯವೂ ಬರುತ್ತದೆ ಎಂದರು. ತೋಳುಗಳನ್ನು ಕಡೆಗೆ ಇಟ್ಟುಕೋ, ಮೊಣಕೈಯ ಮಡಿಕೆ ಹೋಗಿರುವುದಿಲ್ಲ. ಅವರು ಹೇಳಿದುದು ನಿಜವಾಗಿತ್ತು, ಮಡಿಕೆ ಹೋಗಿರಲಿಲ್ಲ. ಲೋಹದ ಕೀಲುಗಳನ್ನು ಹಾಕದೆ ಕೈಕಾಲುಗಳನ್ನು ಒಡಲಿಗೇ ಸೇರಿಸಿ ಹೊಲಿದೆ. ಕಣ್ಣು ಮೂಗು ಎಲ್ಲವೂ ದಾರದವು. ಒಳಜೇಬನ್ನು ಬಿಚ್ಚಿ ಹೊಟ್ಟೆಯ ಮೇಲೆ ಕೂಡಿಸಿದೆ. ಅವರು ಅಲ್ಲಿ ಚಾಳೀಸು ಇಡುತ್ತಿದ್ದರು. ಮುಗಿದ ರಾತ್ರಿ ಅದು ಮೇಜಿನ ಮೇಲೆ ಕೂತಿತ್ತು. ಹದಿನಾಲ್ಕರಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಅನ್ನಿಸಿದ್ದು ಅದೊಂದೇ. ಪೆಟ್ಟಿಗೆಯಲ್ಲಿ ತೂಕಕ್ಕೂ ಅವಕಾಶವಿತ್ತು. ಬೆಳಿಗ್ಗೆ ಹುಡುಗ ಎದ್ದು ಬಂದವನೇ ಅದರ ಒಂದು ಕಾಲು ಹಿಡಿದು ನೆಲದ ಮೇಲೆ ದರದರ ಎಳೆದುಕೊಂಡು ಹೋದನು.

ಹಿರಿಯರು 2021ರಲ್ಲಿ ತೀರಿಕೊಂಡರು; ಅವರ ಮೂರು ಕರಡಿಗಳು ಏನಾದವೆಂದು ಮಗಳಿಗೂ ತಿಳಿಯಲಿಲ್ಲ. ಕೋಟಿನ ಕರಡಿ ನನ್ನ ಐದು ವರ್ಷದ ಲೆಕ್ಕವನ್ನು ದಾಟಿ ಇನ್ನೂ ಇದೆ. ನಾನು ಫೋಟೋ ಕೇಳುವುದಿಲ್ಲ, ಆದರೆ ವಿಡಿಯೋ ಕರೆಯಲ್ಲಿ ಆಗೊಮ್ಮೆ ಈಗೊಮ್ಮೆ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಮೊಣಕೈಗಳ ಗೆರೆಗಳು ಸವೆದು ಬೋಳಾಗಿವೆ. ಕಿತ್ತುಹೋಗಿದ್ದ ಎಡಗಿವಿಯನ್ನು ಮಗಳೇ ಹೊಲಿದು ಕೂಡಿಸಿದ್ದಾಳೆ, ನೀಲಿ ದಾರದಿಂದ, ಉದ್ದುದ್ದ ಹೊಲಿಗೆ ಹಾಕಿ, ಕಿವಿ ಹಿಂದುಮುಂದಾಗಿದೆ. ಕಳೆದ ಸಲ ಅದರ ಹೊಟ್ಟೆಯ ಜೇಬು ಉಬ್ಬಿತ್ತು. ಏನಿಟ್ಟಿದ್ದೀಯೋ ತೋರಿಸು ಎಂದೆ. ಹುಡುಗ ಜೇಬಿನ ಮೇಲೆ ಅಂಗೈ ಮುಚ್ಚಿಕೊಂಡ.